ಬಾಗಿದ ಬೆನ್ನು, ಬಳಲಿದ ಉಸಿರು

ಆರೋಗ್ಯವಂತನಾದವನು ತನ್ನ ಉಸಿರನ್ನು ಕುರಿತು ಯೋಚಿಸುವುದಿಲ್ಲ. ಉಣ್ಣುವಾಗ, ದುಡಿಯುವಾಗ, ಮಲಗಿದಾಗ ಅದು ತಾನಾಗಿಯೇ ನಡೆದಿರುತ್ತದೆ. ಆದರೆ ಕೆಲವು ಮನೆಗಳಲ್ಲಿ ಒಂದು ಮಗುವಿನ ಉಸಿರಿಗೆ ಮನೆಮಂದಿಯೆಲ್ಲ ಕಿವಿಗೊಟ್ಟಿರುತ್ತಾರೆ. ರಾತ್ರಿಯ ಕೆಮ್ಮು ನಿಂತಿತೇ, ಬೆಳಗಿನ ಕಫ ಹೊರಬಿದ್ದಿತೇ, ಉಂಡದ್ದು ಮೈಗೆ ಹತ್ತಿತೇ ಎಂಬ ಚಿಂತೆಯೇ ಅಲ್ಲಿಯ ದಿನಚರಿ. ಇಂಥ ಮಗುವನ್ನು ಹಿರಿಯರು ಪ್ರೀತಿಯಿಂದಲೇ ಒಂದೆಡೆ ಕೂರಿಸಿಬಿಡುತ್ತಾರೆ. ಓಡಬೇಡ, ಮೆಟ್ಟಿಲು ಹತ್ತಬೇಡ, ಭಾರ ಎತ್ತಬೇಡ ಎಂದು ಹೆಜ್ಜೆಹೆಜ್ಜೆಗೂ ತಡೆಯುತ್ತಾರೆ. ಹೀಗೆ ಕೂರಿಸುವ ಪ್ರೀತಿ ಮಗುವಿಗೆ ನಿಜವಾಗಿ ಹಿತವೇ ಎಂಬುದನ್ನು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಒಂದು ರೋಗದ ನಿಮಿತ್ತದಿಂದ ಇಲ್ಲಿ ವಿಚಾರಿಸಬೇಕಾಗಿದೆ.

ರೋಗದ ಮೂಲ

ಇದು ಹುಟ್ಟಿನಿಂದಲೇ ಬರುವ ಆನುವಂಶಿಕ ರೋಗ. 1938ರಲ್ಲಿ ನ್ಯೂಯಾರ್ಕಿನ ರೋಗಶಾಸ್ತ್ರಜ್ಞೆ ಡೊರೊಥಿ ಆಂಡರ್ಸನ್ ಅವರು, ಸೊರಗಿ ತೀರಿಕೊಂಡ ಶಿಶುಗಳ ಮೇದೋಜೀರಕ ಗ್ರಂಥಿಯಲ್ಲಿ ನೀರುಗುಳ್ಳೆಗಳೂ ನಾರಿನಂಥ ಅಂಶವೂ ತುಂಬಿರುವುದನ್ನು ಕಂಡು ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. 1989ರಲ್ಲಿ ಲ್ಯಾಪ್ ಚೀ ಸುಯಿ, ಫ್ರಾನ್ಸಿಸ್ ಕಾಲಿನ್ಸ್ ಮತ್ತು ಜಾನ್ ರಿಯೋರ್ಡನ್ ಅವರ ತಂಡಗಳು ಇದಕ್ಕೆ ಕಾರಣವಾದ ಜೀನನ್ನು ಏಳನೆಯ ವರ್ಣತಂತುವಿನಲ್ಲಿ ಗುರುತಿಸಿದವು. ಅದಕ್ಕೆ ಸಿಎಫ್‌ಟಿಆರ್ ಎಂದು ಹೆಸರು.

ಈ ಜೀನಿನ ಕೆಲಸವನ್ನು ಬಾಗಿಲು ಕಾಯುವವನ ಕೆಲಸಕ್ಕೆ ಹೋಲಿಸಬಹುದು. ಜೀವಕೋಶದ ಗೋಡೆಯಲ್ಲಿ ಉಪ್ಪಿನ ಒಂದು ಅಂಶವಾದ ಕ್ಲೋರೈಡು ಹಾದುಹೋಗಲು ಒಂದು ದ್ವಾರವಿದೆ. ಆ ದ್ವಾರ ಕೆಟ್ಟಾಗ ಉಪ್ಪಿನೊಡನೆ ಸಾಗಬೇಕಾದ ನೀರೂ ಸಾಗುವುದಿಲ್ಲ. ಶ್ವಾಸನಾಳದ ಒಳಮೈಯನ್ನು ತೇವವಾಗಿಡಬೇಕಾದ ತೆಳುವಾದ ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದರಲ್ಲಿ ರೋಗಾಣುಗಳು ನೆಲೆಯೂರುತ್ತವೆ. ಕೆಮ್ಮು, ಸೋಂಕು, ಬಾವು ಒಂದರ ಹಿಂದೊಂದು ಬಂದು ಶ್ವಾಸಕೋಶವನ್ನು ಸವೆಸುತ್ತವೆ. ಮೇದೋಜೀರಕದ ನಾಳವೂ ಮುಚ್ಚಿಕೊಳ್ಳುವುದರಿಂದ ಜಿಡ್ಡು ಜೀರ್ಣವಾಗುವುದಿಲ್ಲ. ಮಗು ಹಸಿದು ಉಂಡರೂ ತೂಕ ಏರದು. ಮಲ ಎಣ್ಣೆಎಣ್ಣೆಯಾಗಿ ದುರ್ವಾಸನೆಯಿಂದ ಕೂಡಿರುತ್ತದೆ.

ನಮ್ಮಲ್ಲಿ ಇದನ್ನು ಬಹುಕಾಲ ಪಾಶ್ಚಾತ್ಯರ ರೋಗವೆಂದೇ ತಿಳಿಯಲಾಗಿತ್ತು. ಆದರೆ 1968ರಲ್ಲಿಯೇ ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ ಇದರ ವರದಿ ಬಂದಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಕ್ಕಳ ವಿಭಾಗ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಈ ರೋಗಿಗಳನ್ನು ನೋಡುತ್ತ ಬಂದಿವೆ. ಬ್ರಿಟನ್, ಅಮೆರಿಕಗಳಲ್ಲಿ ನೆಲೆಸಿದ ಭಾರತೀಯ ಮೂಲದವರಲ್ಲಿ ಸುಮಾರು 10,000ದಿಂದ 40,000 ಜನನಗಳಿಗೆ ಒಂದರಂತೆ ಇದು ಇರಬಹುದೆಂದು ಅಂದಾಜಿದೆ. ಇದು ವಿರಳವೆಂಬುದು ನಿಜ. ಆದರೆ ಬಿಡದ ಕೆಮ್ಮನ್ನು ಕ್ಷಯವೆಂದೋ ಉಬ್ಬಸವೆಂದೋ ಭಾವಿಸಿ ವರ್ಷಗಳನ್ನು ಕಳೆಯುವ ಸಂಭವ ನಮ್ಮಲ್ಲಿ ಬಹಳ.

ಉಪ್ಪಿನ ಬೆವರು

ಮುತ್ತಿಟ್ಟಾಗ ಹಣೆ ಉಪ್ಪಾಗಿರುವ ಮಗು ಹೆಚ್ಚು ಕಾಲ ಬಾಳದು ಎಂಬ ನಂಬಿಕೆ ಯೂರೋಪಿನ ಹಳ್ಳಿಗಳಲ್ಲಿ ಶತಮಾನಗಳಿಂದ ಇತ್ತು. ವಿಜ್ಞಾನಕ್ಕೆ ಈ ಮಾತಿನ ಅರ್ಥ ಹೊಳೆದದ್ದು ಬಿಸಿಲಿನಿಂದ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿದಾಗ ನಿತ್ರಾಣರಾಗಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ರೋಗದವರು ಎದ್ದು ಕಾಣುವಷ್ಟು ಇದ್ದರು. ಅದರ ಕಾರಣವನ್ನು ಹುಡುಕಿದ ಪಾಲ್ ಡಿ ಸಾಂತ್ ಆಗ್ನೀಸ್ ಮತ್ತು ಸಂಗಡಿಗರು, ಇವರ ಬೆವರಿನಲ್ಲಿ ಉಪ್ಪು ಅತಿಯಾಗಿ ಹೋಗುತ್ತದೆಂದು 1953ರಲ್ಲಿ ಪ್ರಕಟಿಸಿದರು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಅವರು ಚರ್ಮದ ಒಂದು ಚಿಕ್ಕ ಭಾಗವನ್ನು ಮಾತ್ರ ಬೆವರಿಸಿ ಪರೀಕ್ಷಿಸುವ ವಿಧಾನವನ್ನು ರೂಪಿಸಿದರು. ಬೆವರಿನ ಕ್ಲೋರೈಡು ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ರೋಗವೆಂದೂ, 30ಕ್ಕಿಂತ ಕಡಿಮೆಯಿದ್ದರೆ ಇದಾಗಿರುವ ಸಂಭವ ಅಲ್ಪವೆಂದೂ ಇಂದಿಗೂ ಎಣಿಸುತ್ತಾರೆ. ನಡುವಿನ ಅಂಕಿ ಬಂದರೆ ಜೀನಿನ ಪರೀಕ್ಷೆ ಬೇಕಾಗುತ್ತದೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ತಾಯಂದಿರು ಈ ಇತಿಹಾಸವನ್ನು ತಿಳಿದಿರಬೇಕಾದ ಕಾರಣವುಂಟು. ನ್ಯೂಯಾರ್ಕಿಗೆ ಅಪರೂಪವಾದ ಆ ಬಿಸಿಲು ನಮ್ಮಲ್ಲಿ ಪ್ರತಿವರ್ಷದ ಅತಿಥಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿ ದಾಟುವುದು ಇಲ್ಲಿ ಹೊಸ ಸುದ್ದಿಯಲ್ಲ. ಇಂಥ ಸೆಕೆಯಲ್ಲಿ ಹಸುಗೂಸು ಪದೇ ಪದೇ ನಿತ್ರಾಣವಾದರೆ, ರಕ್ತದಲ್ಲಿ ಉಪ್ಪಿನ ಅಂಶಗಳು ಇಳಿದಿವೆ ಎಂದು ವೈದ್ಯರು ಹೇಳಿದರೆ, ಹಣೆಯ ಮೇಲೆ ಬಿಳಿಯ ಉಪ್ಪಿನ ಪುಡಿ ಕಂಡರೆ, ಅದರೊಡನೆ ಬಿಡದ ಕೆಮ್ಮೂ ಏರದ ತೂಕವೂ ಇದ್ದರೆ, ಬೆವರಿನ ಪರೀಕ್ಷೆ ಬೇಕೇ ಎಂದು ಕೇಳುವುದು ತಂದೆತಾಯಿಗಳ ಹಕ್ಕು. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾಗಿ ವಿಮ್ಸ್ ಎಂಬ ಹೆಸರಿನಿಂದ ಜನಜನಿತವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದಲ್ಲಿ ಈ ವಿಚಾರವನ್ನು ಮೊದಲು ಎತ್ತಬಹುದು. ಆದರೆ ಕ್ಷಯಕ್ಕೆ ಆರಂಭಿಸಿದ ಔಷಧಿಯನ್ನು ಯಾರೂ ತಾವಾಗಿ ನಿಲ್ಲಿಸಬಾರದು.

ಬೆನ್ನು ಬಾಗುವುದೇಕೆ?

ಈ ರೋಗದವರು ಬೆಳೆದಂತೆ ಅನೇಕರ ಬೆನ್ನು ಗೂನಾಗುತ್ತದೆ. ಹೆಗಲುಗಳು ಮುಂದಕ್ಕೆ ಬಂದು, ತಲೆ ಎದೆಗಿಂತ ಮುಂದೆ ಚಾಚಿಕೊಳ್ಳುತ್ತದೆ. ಎದೆ ಪೀಪಾಯಿಯಂತೆ ದುಂಡಗಾಗುತ್ತದೆ. ನೋಡುವವರು ಇದನ್ನು ಸೋಮಾರಿತನವೆಂದೋ ಸಂಕೋಚವೆಂದೋ ತಿಳಿದು, ನೆಟ್ಟಗೆ ನಿಲ್ಲು ಎಂದು ಗದರುತ್ತಾರೆ. ಗದರಿದ ಮಾತ್ರಕ್ಕೆ ಬೆನ್ನು ನೆಟ್ಟಗಾಗದು. ಏಕೆಂದರೆ ಅದು ಬಾಗಿದ್ದಕ್ಕೆ ದೇಹದೊಳಗೆ ಕಾರಣಗಳಿವೆ.

ಮೊದಲನೆಯದು, ಲೋಳೆಯಿಂದ ಕಿರಿದಾದ ನಾಳಗಳಲ್ಲಿ ಒಳಗೆ ಹೋದ ಗಾಳಿ ಪೂರ್ಣವಾಗಿ ಹೊರಬರುವುದಿಲ್ಲ. ಗಾಳಿ ತುಂಬಿಯೇ ಇರುವ ಶ್ವಾಸಕೋಶವು ಪಕ್ಕೆಲುಬುಗಳನ್ನು ಸದಾ ಎತ್ತಿ ಹಿಡಿಯುತ್ತದೆ. ಕಮಾನಿನಂತಿರಬೇಕಾದ ವಪೆ ಚಪ್ಪಟೆಯಾಗಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಆಗ ಕೊರಳಿನ ಮತ್ತು ಎದೆಯ ಸ್ನಾಯುಗಳು ಅದರ ಕೆಲಸಕ್ಕೆ ಹೆಗಲು ಕೊಡುತ್ತವೆ. ದಿನವಿಡೀ ದುಡಿದ ಆ ಸ್ನಾಯುಗಳು ಬಿಗಿದು ಕುಗ್ಗಿ ಹೆಗಲನ್ನು ಮುಂದಕ್ಕೆ ಎಳೆಯುತ್ತವೆ.

ಎರಡನೆಯದು ಕೆಮ್ಮು. ಕೆಮ್ಮುವಾಗ ಪ್ರತಿಸಲವೂ ಮೈ ಮುಂದಕ್ಕೆ ಬಾಗುತ್ತದೆ. ದಿನಕ್ಕೆ ನೂರಾರು ಸಲ ಹೀಗೆ ಬಾಗುವ ಮೈಗೆ ಬಾಗುವುದೇ ರೂಢಿಯಾಗುತ್ತದೆ.

ಮೂರನೆಯದು ಎಲುಬು. ಜಿಡ್ಡು ಜೀರ್ಣವಾಗದಿದ್ದರೆ ಜಿಡ್ಡಿನೊಡನೆ ದೇಹ ಸೇರುವ ಎ, ಡಿ, ಇ, ಕೆ ಜೀವಸತ್ವಗಳೂ ಸೇರುವುದಿಲ್ಲ. ಸೋಂಕು, ಅಪೌಷ್ಟಿಕತೆ, ಚಟುವಟಿಕೆಯಿಲ್ಲದ ಜೀವನ ಇವೂ ಕೂಡಿ ಎಲುಬು ಸಾಂದ್ರತೆ ಕಳೆದುಕೊಳ್ಳುತ್ತದೆ. ಬೆನ್ನುಮೂಳೆಯ ಮಣಿಗಳು ಮುಂಭಾಗದಲ್ಲಿ ಕುಸಿದು ಗೂನು ಗಟ್ಟಿಯಾಗುತ್ತದೆ.

ನಾಲ್ಕನೆಯದು ಹೆಚ್ಚಿನವರಿಗೆ ತಿಳಿಯದ ಸಂಗತಿ. ವಪೆಯೂ ಹೊಟ್ಟೆಯ ಒಳಸ್ನಾಯುಗಳೂ ಉಸಿರಾಟಕ್ಕೆ ಮಾತ್ರವಲ್ಲ, ಮುಂಡವನ್ನು ನೆಟ್ಟಗೆ ನಿಲ್ಲಿಸುವುದಕ್ಕೂ ಬೇಕು. ಒಬ್ಬನೇ ಆಳಿಗೆ ಎರಡು ಹೊಲಗಳ ಕೆಲಸ ಬಿದ್ದಂತೆ ಇವುಗಳ ಸ್ಥಿತಿ. ಉಸಿರಿಗೆ ಕಷ್ಟ ಹೆಚ್ಚಿದಾಗ ಅವು ಉಸಿರಿನ ಕೆಲಸವನ್ನೇ ಆರಿಸಿಕೊಂಡು ನಿಲುವಿನ ಕೆಲಸವನ್ನು ಕೈಬಿಡುತ್ತವೆ.

ಹೀಗೆ ಉಸಿರಿನ ತೊಂದರೆಯಿಂದ ಬೆನ್ನು ಬಾಗಿದರೆ, ಬಾಗಿದ ಬೆನ್ನು ತಿರುಗಿ ಉಸಿರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಕುಸಿದು ಕುಳಿತಾಗ ಪಕ್ಕೆಲುಬುಗಳು ಅರಳುವುದಿಲ್ಲ, ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಆರೋಗ್ಯವಂತರಲ್ಲಿಯೂ ಕುಸಿದು ಕುಳಿತಾಗ ಶ್ವಾಸಕೋಶದ ಅಳತೆ ಇಳಿಯುತ್ತದೆ. ಎದೆಯ ಗೋಡೆ ಬಿಗಿದರೆ ಕೆಮ್ಮಿ ಕಫವನ್ನು ಹೊರತಳ್ಳುವ ಬಲವೂ ಕುಗ್ಗುತ್ತದೆ. ಕಫ ನಿಂತಲ್ಲಿ ಸೋಂಕು ನಿಲ್ಲುತ್ತದೆ.

ಎರಡು ಅಳತೆಗಳು

ಶ್ವಾಸಕೋಶದ ಶಕ್ತಿಯನ್ನು ಅಳೆಯುವ ಸ್ಪೈರೋಮೀಟರನ್ನು ಇಂಗ್ಲೆಂಡಿನ ಜಾನ್ ಹಚಿನ್ಸನ್ 1846ರಲ್ಲಿ ಲೋಕದ ಮುಂದಿಟ್ಟರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿ, ಮನುಷ್ಯನ ಎತ್ತರಕ್ಕೆ ತಕ್ಕಂತೆ ಈ ಅಳತೆ ಹೆಚ್ಚುತ್ತದೆಂದು ಅವರು ತೋರಿಸಿದರು. ಇಂದು ವೈದ್ಯರು ಮುಖ್ಯವಾಗಿ ನೋಡುವುದು ಎಫ್‌ಇವಿ-1 ಎಂಬ ಅಂಕಿಯನ್ನು. ಪೂರ್ಣ ಉಸಿರು ತುಂಬಿ ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣವೇ ಅದು.

ಎರಡನೆಯ ಅಳತೆ ದೇಹದ ಸಾಮರ್ಥ್ಯದ್ದು. ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲ, ಒಂದು ನಿಮಿಷದಲ್ಲಿ ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಎದ್ದು ಕೂರಬಲ್ಲ, ಸೈಕಲ್ಲು ತುಳಿಯುವಾಗ ದೇಹ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬುವು ಇದರ ಪರೀಕ್ಷೆಗಳು.

ಈ ಎರಡು ಅಳತೆಗಳು ಒಂದೇ ಅಲ್ಲ ಎಂಬುದನ್ನು ಮನೆಯವರು ಮನದಟ್ಟು ಮಾಡಿಕೊಳ್ಳಬೇಕು. ಊದುವ ಅಂಕಿ ಸಮನಾಗಿರುವ ಇಬ್ಬರಲ್ಲಿ ಒಬ್ಬನು ಶಾಲೆಗೆ ನಡೆದು ಹೋಗಬಲ್ಲ, ಇನ್ನೊಬ್ಬನು ಅಂಗಳ ದಾಟುವಷ್ಟರಲ್ಲಿ ದಣಿಯಬಲ್ಲ. ತೊಡೆಯ ಸ್ನಾಯು, ಊಟ, ನಿಲುವು, ಅಭ್ಯಾಸ ಇವೇ ಆ ಅಂತರಕ್ಕೆ ಕಾರಣ. 1992ರಲ್ಲಿ ಅಮೆರಿಕದ ಪೆಟ್ರೀಷಿಯಾ ನಿಕ್ಸನ್ ಮತ್ತು ಸಂಗಡಿಗರು 109 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎಂಟು ವರ್ಷಗಳ ಅನಂತರ ನೋಡಿದಾಗ, ದೇಹಸಾಮರ್ಥ್ಯ ಹೆಚ್ಚಿದ್ದ ಗುಂಪಿನಲ್ಲಿ ನೂರಕ್ಕೆ 83 ಮಂದಿ, ಮಧ್ಯಮ ಗುಂಪಿನಲ್ಲಿ 51 ಮಂದಿ, ಕಡಿಮೆಯಿದ್ದ ಗುಂಪಿನಲ್ಲಿ 28 ಮಂದಿ ಬದುಕಿದ್ದರು. ವ್ಯಾಯಾಮವೊಂದರಿಂದಲೇ ಆಯುಸ್ಸು ಬೆಳೆಯಿತೆಂದು ಇದರಿಂದ ಸಿದ್ಧವಾಗದು. ರೋಗ ಸೌಮ್ಯವಾಗಿದ್ದವರು ಹೆಚ್ಚು ಓಡಾಡಿರಲೂಬಹುದು. ಆದರೂ ದೇಹದ ಸಾಮರ್ಥ್ಯವನ್ನು ಕಡೆಗಣಿಸಬಾರದೆಂಬುದು ಅಂದಿನಿಂದ ವೈದ್ಯರ ಮನಸ್ಸಿನಲ್ಲಿ ನಿಂತಿತು.

ಮುಂದೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವಿಮರ್ಶೆಯೂ ಇದನ್ನೇ ಎಚ್ಚರಿಕೆಯ ಮಾತಿನಲ್ಲಿ ಹೇಳುತ್ತದೆ. ಆರು ತಿಂಗಳಿಗೂ ಮೀರಿ ನಡೆಸಿದ ದೈಹಿಕ ಚಟುವಟಿಕೆಯಿಂದ ಸಾಮರ್ಥ್ಯ ಹೆಚ್ಚುವ ಸಂಭವವಿದೆ, ಊದುವ ಅಂಕಿಯಲ್ಲಿ ಹೆಚ್ಚಿನ ಬದಲಾವಣೆ ಕಾಣದಿರಬಹುದು. ಆದ್ದರಿಂದ ಆಸ್ಪತ್ರೆಯ ಕಾಗದದಲ್ಲಿ ಅಂಕಿ ಏರಲಿಲ್ಲವೆಂದು ನಿರಾಶರಾಗಿ ವ್ಯಾಯಾಮವನ್ನು ಬಿಡುವುದು ಸರಿಯಲ್ಲ. ಮಗು ನಿನ್ನೆಗಿಂತ ಇಂದು ಹತ್ತು ಮೆಟ್ಟಿಲು ಹೆಚ್ಚು ಹತ್ತಿದರೆ ಅದೂ ಗಳಿಕೆಯೇ.

ಮನೆಯಲ್ಲಿ ಮಾಡಬಹುದಾದದ್ದು

ಎಲ್ಲಕ್ಕಿಂತ ಮೊದಲು ಕಫವನ್ನು ಹೊರತರುವ ನಿತ್ಯಕ್ರಮ. ದೀರ್ಘವಾಗಿ ಉಸಿರೆಳೆದು, ಕನ್ನಡಿಯ ಮೇಲೆ ಆವಿ ಊದುವಂತೆ ಬಾಯಿತೆರೆದು ಹಾ ಎಂದು ಬಿಡುವ ವಿಧಾನವನ್ನೂ, ನೀರು ತುಂಬಿದ ಸೀಸೆಗೆ ಕೊಳವೆಯಿಟ್ಟು ಗುಳ್ಳೆ ಊದುವ ಅಗ್ಗದ ವಿಧಾನವನ್ನೂ ಫಿಸಿಯೋಥೆರಪಿ ಬಲ್ಲವರಿಂದ ಕಲಿಯಬೇಕು. ಸೀಸೆಯನ್ನು ದಿನವೂ ತೊಳೆದು ಒಣಗಿಸಬೇಕು. ಹಸುಗೂಸನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟುವ ಹಳೆಯ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸನಾಳ ಸೇರುವ ಅಪಾಯ ಅದರಲ್ಲಿದೆ.

ಬೆನ್ನಿನ ಪರೀಕ್ಷೆಗೆ ಮನೆಯ ಗೋಡೆಯೇ ಸಾಕು. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗುವಂತೆ ನಿಂತು, ಗದ್ದ ಎತ್ತದೆ ತಲೆಯ ಹಿಂಭಾಗ ಗೋಡೆಗೆ ಮುಟ್ಟುತ್ತದೆಯೇ ನೋಡಬೇಕು. ಮುಟ್ಟದಿದ್ದರೆ ಆ ಅಂತರವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಬೇಕು. ಬಾಗಿಲ ಚೌಕಟ್ಟಿಗೆ ಎರಡೂ ಕೈಗಳನ್ನು ಆನಿಸಿ ಎದೆಯನ್ನು ಮೆಲ್ಲಗೆ ಮುಂದೆ ತರುವುದು, ಬೋರಲು ಮಲಗಿ ತಲೆ ಹೆಗಲುಗಳನ್ನು ಎತ್ತುವುದು, ಕೈಗಳನ್ನು ತಲೆಯ ಮೇಲೆ ಚಾಚಿ ಪಕ್ಕಕ್ಕೆ ಬಾಗುವುದು, ಕುಕ್ಕರಗಾಲಿನಲ್ಲಿ ಕೂತು ಏಳುವುದು ಇವೆಲ್ಲ ಖರ್ಚಿಲ್ಲದ ಸಾಧನೆಗಳು. ಇಷ್ಟಲಿಂಗ ಪೂಜೆಗೆ ಕುಳಿತಾಗ ಬೆನ್ನನ್ನು ನೆಟ್ಟಗಿರಿಸಿ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿಯುವ ನಿಲುವು ನಮ್ಮ ಮಕ್ಕಳಿಗೆ ಪರಿಚಿತವಾದದ್ದೇ. ಓದುವಾಗಲೂ ಉಣ್ಣುವಾಗಲೂ ಅದೇ ನಿಲುವನ್ನು ನೆನಪಿಸಿದರೆ ಗದರುವ ಪ್ರಮೇಯ ಬಾರದು. ಆದರೆ ಧೂಪದ ಹೊಗೆಯಿಂದ ಈ ಮಗುವನ್ನು ದೂರವಿಡಬೇಕು.

ಲಗೋರಿ, ಖೋ ಖೋ, ಹಗ್ಗದಾಟ, ಸೈಕಲ್ಲು, ಬೆಳಗಿನ ನಡಿಗೆ ಇವು ಮೈಗೂ ಮನಸ್ಸಿಗೂ ಒಳ್ಳೆಯವು. ಓಡುವಾಗ ಕೆಮ್ಮು ಬಂದರೆ ತಾಯಂದಿರು ಹೆದರಬಾರದು. ಕಫ ಸಡಿಲವಾಗಿ ಹೊರಬೀಳುವ ಲಕ್ಷಣ ಅದಾಗಿರಬಹುದು. ಆದರೆ ಜ್ವರವಿದ್ದಾಗ, ಕಫದಲ್ಲಿ ರಕ್ತ ಕಂಡಾಗ, ಎದೆಯಲ್ಲಿ ಹಠಾತ್ತನೆ ನೋವು ಬಂದಾಗ, ತುಟಿ ನೀಲಿಯಾದಾಗ ಆಟವನ್ನು ನಿಲ್ಲಿಸಿ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಉಸಿರನ್ನು ಬಹಳ ಹೊತ್ತು ಬಿಗಿಹಿಡಿಯುವ ಪ್ರಾಣಾಯಾಮವನ್ನು ವೈದ್ಯರ ಅಪ್ಪಣೆಯಿಲ್ಲದೆ ಮಾಡಿಸಬಾರದು.

ಊಟವನ್ನು ಕುರಿತು ಒಂದು ಮಾತು. ಕೆಮ್ಮುವ ಮಗುವಿಗೆ ತುಪ್ಪ, ಎಣ್ಣೆ, ಮೊಸರು ಬಿಡಿಸುವ ಪಥ್ಯ ನಮ್ಮಲ್ಲಿ ರೂಢಿಯಾಗಿದೆ. ಈ ರೋಗದಲ್ಲಿ ಅದು ವಿಪರೀತ ಫಲವನ್ನು ಕೊಡುತ್ತದೆ. ಉಸಿರಾಟಕ್ಕೇ ಹೆಚ್ಚು ಶಕ್ತಿ ವ್ಯಯವಾಗುವ ಈ ಮಗುವಿಗೆ ಓರಗೆಯವರಿಗಿಂತ ಹೆಚ್ಚು ಆಹಾರ ಬೇಕು. ವೈದ್ಯರು ಕೊಟ್ಟ ಜೀರ್ಣಕಾರಿ ಕಿಣ್ವದ ಗುಳಿಗೆಯೊಡನೆ ತುಪ್ಪ, ಶೇಂಗಾ, ಹಾಲು, ಬೇಳೆ ಧಾರಾಳವಾಗಿ ಸಲ್ಲಬೇಕು. ತಿನ್ನದ ಮೈಗೆ ವ್ಯಾಯಾಮ ಹೊರೆಯಾಗುತ್ತದೆ.

ನಮ್ಮ ನೆಲ, ನಮ್ಮ ಬಿಸಿಲು

ನಮ್ಮ ಮೂರು ಊರುಗಳ ನೆಲದ ಗುಣವನ್ನು ಅರಿತು ಈ ಕ್ರಮವನ್ನು ನಡೆಸಬೇಕು. ವ್ಯಾಯಾಮವೆಲ್ಲ ಸೂರ್ಯೋದಯದ ಹೊತ್ತಿಗೆ ಅಥವಾ ಸಂಜೆ ತಂಪಾದ ಮೇಲೆ ನಡೆಯಲಿ. ಇಂಥ ಮಕ್ಕಳಿಗೆ ಬೆವರಿನಲ್ಲಿ ಉಪ್ಪು ಹೋದರೂ ಬಾಯಾರಿಕೆ ಅದಕ್ಕೆ ತಕ್ಕಷ್ಟು ಆಗುವುದಿಲ್ಲವೆಂದು ಕೆನಡಾದ ಸಂಶೋಧಕರು 1992ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಕೇಳಿದಾಗ ಕೊಡುವುದಲ್ಲ, ಹೊತ್ತುಹೊತ್ತಿಗೆ ತಾವಾಗಿಯೇ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ, ಓಆರ್‌ಎಸ್ ದ್ರಾವಣವನ್ನು ಕುಡಿಸಬೇಕು. ಉಪ್ಪಿನ ಪ್ರಮಾಣವನ್ನು ವೈದ್ಯರು ನಿಗದಿಪಡಿಸಬೇಕು.

ಬಳ್ಳಾರಿ ನಗರದಲ್ಲಿ ಲಾರಿಗಳ ಧೂಳು ಏಳುವ ರಸ್ತೆಯ ಬದಿಯಲ್ಲಿ ನಡಿಗೆ ಬೇಡ. ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಅಕ್ಕಿ ಗಿರಣಿಯ ತೌಡಿನ ಧೂಳು, ಕೊಳೆತ ಹುಲ್ಲಿನ ಬೂಷ್ಟು, ಹುಲ್ಲು ಸುಡುವ ಹೊಗೆ ಈ ಶ್ವಾಸಕೋಶಕ್ಕೆ ಶತ್ರುಗಳು. ನಿಂತ ನೀರಿನಲ್ಲಿಯೂ ಗದ್ದೆಯ ಕೆಸರಿನಲ್ಲಿಯೂ ಇಂಥವರನ್ನು ಬಾಧಿಸುವ ರೋಗಾಣುಗಳು ಇರಬಹುದಾದ್ದರಿಂದ ಅಲ್ಲಿ ಆಡುವುದು ತರವಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಜಾತ್ರೆಯ ನೂಕುನುಗ್ಗಲಿಗಿಂತ ಸಾಮಾನ್ಯ ದಿನದ ಬೆಳಗು ಲೇಸು. ಕುಳಿತೂ ಕತ್ತೆತ್ತಿರುವ ಆ ಬಸವನನ್ನು ಮಗುವಿಗೆ ತೋರಿಸಿ, ಕೂರುವುದೆಂದರೆ ಹೀಗೆ ಎಂದು ಹೇಳಬಹುದು. ಇದೇ ರೋಗವಿರುವ ಬೇರೆ ಕುಟುಂಬದ ಮಗು ಸಿಕ್ಕಿದರೆ ತಂದೆತಾಯಿಗಳು ಪರಸ್ಪರ ಮಾತಾಡಲಿ. ಮಕ್ಕಳನ್ನು ಮಾತ್ರ ಹತ್ತಿರ ಕೂರಿಸಬಾರದು. ಒಬ್ಬರ ಕಫದ ರೋಗಾಣು ಇನ್ನೊಬ್ಬರಿಗೆ ಅಂಟಿ ತೀವ್ರವಾಗುತ್ತದೆ.

ಸಂಬಂಧ ಮತ್ತು ನಿಂದೆ

ಈ ರೋಗ ಬರಬೇಕಾದರೆ ಕೆಟ್ಟ ಜೀನು ತಂದೆ ಮತ್ತು ತಾಯಿ ಇಬ್ಬರಿಂದಲೂ ಬರಬೇಕು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಸಂಭವ. ಆದ್ದರಿಂದ ಸೊಸೆಯ ಕಾಲ್ಗುಣವನ್ನು ಹಳಿಯುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆಯ ಮಕ್ಕಳೊಳಗೆ ಸಂಬಂಧ ಬೆಳೆಸುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ. ಸೋದರಮಾವ ಮತ್ತು ಸೊಸೆ ಸರಾಸರಿ ನಾಲ್ಕನೆಯ ಒಂದು ಭಾಗ ಜೀನುಗಳನ್ನು, ಸೋದರತ್ತೆ ಸೋದರಮಾವಂದಿರ ಮಕ್ಕಳು ಎಂಟನೆಯ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಒಂದೇ ದೋಷ ಎರಡೂ ಕಡೆಯಿಂದ ಕೂಡುವ ಸಂಭವ ಅಲ್ಲಿ ಹೆಚ್ಚು. ಮನೆತನದಲ್ಲಿ ಇಂಥ ರೋಗ ಕಂಡಿದ್ದರೆ ಲಗ್ನದ ಮಾತಿಗೆ ಮೊದಲು ಅನುವಂಶ ತಜ್ಞರ ಸಲಹೆ ಪಡೆಯಬೇಕು.

2019ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ, ಮೂರು ಔಷಧಿಗಳು ಕೂಡಿದ ಗುಳಿಗೆಯು ಅನೇಕ ರೋಗಿಗಳಲ್ಲಿ ಆ ಕೆಟ್ಟ ದ್ವಾರವನ್ನೇ ಬಹುಮಟ್ಟಿಗೆ ಸರಿಪಡಿಸುತ್ತದೆ. ಅದರ ಬೆಲೆ ಸಾಮಾನ್ಯ ಮನೆತನಕ್ಕೆ ನಿಲುಕದು. ಎಲ್ಲ ಬಗೆಯ ಜೀನುದೋಷಕ್ಕೂ ಅದು ಒಗ್ಗುವುದಿಲ್ಲ. ಭಾರತ ಸರ್ಕಾರದ 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಈ ರೋಗವೂ ಸೇರಿದೆ. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗಳವರೆಗೆ ಏರಿಸಲಾಯಿತು. ಕರ್ನಾಟಕದವರಿಗೆ ಇದರ ಕೇಂದ್ರವಾಗಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ಅನುವಂಶಿಕ ಕೇಂದ್ರವನ್ನು ಗುರುತಿಸಲಾಗಿದೆ. ರೋಗ ಖಚಿತವಾದ ಕುಟುಂಬ ಅಲ್ಲಿ ವಿಚಾರಿಸುವುದು ಉಚಿತ.

ಆಂಡರ್ಸನ್ ಅವರ ಕಾಲದಲ್ಲಿ ಈ ಮಕ್ಕಳಲ್ಲಿ ಹೆಚ್ಚಿನವರು ತೊಟ್ಟಿಲು ದಾಟುತ್ತಿರಲಿಲ್ಲ. ಇಂದು ಹಲವು ದೇಶಗಳಲ್ಲಿ ಈ ರೋಗವಿರುವ ಮಕ್ಕಳಿಗಿಂತ ವಯಸ್ಕರ ಸಂಖ್ಯೆಯೇ ಹೆಚ್ಚು. ಅವರು ಓದಿದ್ದಾರೆ, ದುಡಿಯುತ್ತಾರೆ, ಸಂಸಾರ ನಡೆಸುತ್ತಾರೆ. ದುಬಾರಿ ಔಷಧಿ ಬರುವ ಮೊದಲೇ ಈ ದಾರಿಯ ಬಹುಭಾಗವನ್ನು ಕ್ರಮಿಸಿದ್ದು ಸಕಾಲದ ಪತ್ತೆ, ಕಿಣ್ವ ಸೇರಿದ ಊಟ, ಸೋಂಕಿನ ಚಿಕಿತ್ಸೆ, ನಿತ್ಯದ ಕಫಶುದ್ಧಿ ಮತ್ತು ವ್ಯಾಯಾಮಗಳಿಂದ. ಇವುಗಳಲ್ಲಿ ಕಡೆಯ ಎರಡು ಮನೆಯಲ್ಲಿಯೇ ಆಗಬೇಕಾದವು. ಕೆಮ್ಮುವ ಮಗುವನ್ನು ಕಟ್ಟೆಯ ಮೇಲೆ ಕೂರಿಸಿ ಉಳಿದವರ ಆಟವನ್ನು ನೋಡಿಸುವುದು ಕರುಣೆಯಲ್ಲ. ವೈದ್ಯರನ್ನು ಕೇಳಿ, ಬಿಸಿಲನ್ನು ತಪ್ಪಿಸಿ, ಉಪ್ಪು ನೀರು ಕೊಟ್ಟು, ಅದನ್ನು ಆಟಕ್ಕೆ ಕಳುಹಿಸಿರಿ.